ಹೋಂಸ್ಟೇ ಪುಟದ ಫೋಟೋಗಳು ತುಂಬ ಭಾರ. ಚಂದ ಕೆಡದ ಹಾಗೆ ಸೈಜ್ ಇಳಿಸುವುದು ಹೇಗೆ?

ಮಂಜಿನಮನೆ (ಮಡಿಕೇರಿ ಹತ್ತಿರ)
ಜುಲೈ 9, ಸಂಜೆ 6:40

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿಯಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ ಇರುವ ಚಿಕ್ಕ ಹೋಂಸ್ಟೇ. ಮೂರೇ ರೂಮು. ಹೋದ ಬೇಸಿಗೆಯಲ್ಲಿ ನಮ್ಮದೇ ಒಂದು ವೆಬ್‌ಸೈಟ್ ಮಾಡಿಸಿದೆವು. ಅಣ್ಣನ ಮಗ ಒಳ್ಳೆಯ ಕ್ಯಾಮೆರಾದಲ್ಲಿ 22 ಫೋಟೋ ತೆಗೆದುಕೊಟ್ಟ. ಅವನು ಕೊಟ್ಟ ಹಾಗೇ ಅಷ್ಟನ್ನೂ ಹಾಕಿದೆವು.

ಮೊನ್ನೆ ಮೈಸೂರಿನಿಂದ ಬರುತ್ತಿದ್ದ ಒಂದು ಕುಟುಂಬ ಕುಶಾಲನಗರ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿತು. ದಾರಿ ನೋಡೋಣ ಅಂತ ನಮ್ಮ ಪುಟ ತೆರೆದಿದ್ದಾರೆ. ಬಿಳಿ ಪರದೆ ಬಿಟ್ಟು ಏನೂ ಬಂದಿಲ್ಲ. ನಾನೇ ಜಗಲಿಯಲ್ಲಿ ಕೂತು ಮೊಬೈಲಲ್ಲಿ ತೆರೆದು ನೋಡಿದೆ. ಮೊದಲ ಫೋಟೋ ಮೇಲಿನಿಂದ ಕೆಳಗೆ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಾ ಅರ್ಧಕ್ಕೆ ನಿಂತಿತು. ಈ ಮಳೆಯಲ್ಲಿ ನಮ್ಮ ಕಡೆ ನೆಟ್‌ವರ್ಕ್ ಒಂದು ಕಡ್ಡಿ ಇದ್ದರೆ ಪುಣ್ಯ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಅದೂ ಹೋಗುತ್ತದೆ.

ಒಂದು ಆ್ಯಪ್ ಹಾಕಿ ಎಲ್ಲವನ್ನೂ 60 ಕೆಬಿಗೆ ಇಳಿಸಿ ನೋಡಿದೆ. ಪುಟ ಬೇಗ ಬಂತು. ಆದರೆ ಬೆಟ್ಟದ ಮೇಲಿನ ಮಂಜು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ಕಾಫಿ ಗಿಡದ ಎಲೆಗಳು ಕಲಸಿ ಹೋಗಿವೆ. ಅತಿಥಿಗಳು ನಮ್ಮಲ್ಲಿಗೆ ಬರುವುದೇ ಆ ಮಂಜು ನೋಡಲು, ಅದೇ ಹಾಳಾದರೆ ಏನು ಪ್ರಯೋಜನ? ಸೈಜ್ ಕಮ್ಮಿ ಆಗಬೇಕು, ನೋಡಲು ಚಂದವೂ ಇರಬೇಕು. ದಾರಿ ಇದೆಯಾ?

ಕುಶಾಲನಗರ ವೆಬ್
ಜುಲೈ 9, ಸಂಜೆ 7:15

ಅಕ್ಕಾ, ಖಂಡಿತ ಇದೆ. ಮೊದಲು ಎರಡು ವಿಷಯ ಹೇಳಿ. ಮೂಲ ಫೋಟೋ ಒಂದೊಂದು ಎಷ್ಟು ಎಂಬಿ? ಅಗಲ ಎಷ್ಟು ಪಿಕ್ಸೆಲ್? ಕಂಪ್ಯೂಟರಿನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಸಿಗುತ್ತದೆ.

ಮಂಜಿನಮನೆ
ಜುಲೈ 9, ಸಂಜೆ 7:32

ಒಂದೊಂದು 6ರಿಂದ 9 ಎಂಬಿ ಇದೆ. ಅಗಲ 6000, ಎತ್ತರ 4000 ಅಂತ ತೋರಿಸುತ್ತಿದೆ.

ಕುಶಾಲನಗರ ವೆಬ್
ಜುಲೈ 9, ರಾತ್ರಿ 8:05

ಅಲ್ಲೇ ಇದೆ ನೋಡಿ ವಿಷಯ. ಸರಾಸರಿ 7 ಎಂಬಿ ಅಂತ ಹಿಡಿದರೂ 22 ಫೋಟೋಗೆ 154 ಎಂಬಿ. ನಿಮ್ಮ ಕಡೆ ಸೆಕೆಂಡಿಗೆ 2 ಮೆಗಾಬಿಟ್ ವೇಗ ಸಿಕ್ಕಿತು ಅನ್ನಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ ಕಾಲು ಎಂಬಿ ಮಾತ್ರ ಇಳಿಯುತ್ತದೆ. ಪುಟ ಪೂರ್ತಿ ಬರಲು ಹತ್ತು ನಿಮಿಷ ಬೇಕು. ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ?

ನೀವು ಬಳಸಿದ ಆ್ಯಪ್ ಬಹುಶಃ ಅಗಲವನ್ನು ಸಾಕಷ್ಟು ಇಳಿಸದೆ ಬರೀ ಕ್ವಾಲಿಟಿಯನ್ನು ಹಿಂಡಿದೆ. ಆಗಲೇ ಚಿತ್ರ ಹೀಗೆ ಕೆಡುವುದು. ಮಾಡಬೇಕಾದ್ದು ಉಲ್ಟಾ. ಮೊದಲು ಅಗಲ ಇಳಿಸಿ. ಆಮೇಲೆ ಕ್ವಾಲಿಟಿಗೆ ಕೈ ಹಾಕಿ.

6000 x 4000 ಅಂದರೆ 2 ಕೋಟಿ 40 ಲಕ್ಷ ಪಿಕ್ಸೆಲ್. ಮೊಬೈಲ್ ಪರದೆಯ ಅಗಲ ಸಾಮಾನ್ಯವಾಗಿ 1080 ಪಿಕ್ಸೆಲ್ ಆಸುಪಾಸು. ಲ್ಯಾಪ್‌ಟಾಪ್ ಹೆಚ್ಚಿನವು 1366 ಅಥವಾ 1920. ಮಿಕ್ಕ ಪಿಕ್ಸೆಲ್‌ಗಳು ಅಷ್ಟು ಕಷ್ಟಪಟ್ಟು ಇಳಿದು ಬಂದ ಮೇಲೆ ಬ್ರೌಸರ್ ಅವನ್ನು ಕುಗ್ಗಿಸಿ ತೋರಿಸುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಅಗಲ 1600ಕ್ಕೆ ತಂದರೆ ಎತ್ತರ ತಾನಾಗಿ 1067 ಆಗುತ್ತದೆ. ಒಟ್ಟು 17 ಲಕ್ಷ ಚಿಲ್ಲರೆ ಪಿಕ್ಸೆಲ್. ಅಂದರೆ ಹದಿನಾಲ್ಕರಲ್ಲಿ ಒಂದು ಪಾಲು. ಕ್ವಾಲಿಟಿ ಮುಟ್ಟುವ ಮೊದಲೇ ಇಷ್ಟು ಲಾಭ.

ಸ್ಕ್ವೂಶ್ ಅಂತ ಗೂಗಲ್ ಕ್ರೋಮ್‌ನವರು 2018ರಲ್ಲಿ ಬಿಟ್ಟ ಉಚಿತ ಸಾಧನ ಇದೆ. ಬ್ರೌಸರಿನಲ್ಲೇ ನಡೆಯುತ್ತದೆ. ನಿಮ್ಮ ಫೋಟೋ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ, ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ. ನಮ್ಮ ಊರಿನ ನೆಟ್‌ವರ್ಕಿಗೆ ಇದು ದೊಡ್ಡ ಅನುಕೂಲ ಅಲ್ವಾ? ಮಧ್ಯದಲ್ಲಿ ಒಂದು ಗೆರೆ ಇರುತ್ತದೆ. ಎಡಕ್ಕೆ ಮೂಲ, ಬಲಕ್ಕೆ ಹೊಸದು. ಗೆರೆ ಎಳೆಯುತ್ತಾ ಎರಡನ್ನೂ ಹೋಲಿಸಬಹುದು. ಕೆಳಗೆ ಸೈಜ್ ಎಷ್ಟಾಯಿತು ಅಂತ ಬರುತ್ತದೆ. ರೀಸೈಜ್ ಆನ್ ಮಾಡಿ ಅಗಲ 1600 ಕೊಡಿ. ಮೋಜ್‌ಜೆಪೆಗ್ (ಫೋಟೋವನ್ನು ಜೆಪೆಗ್ ಫೈಲ್ ಆಗಿ ಹಿಂಡುವ ವಿಧಾನ) ಆರಿಸಿ, ಕ್ವಾಲಿಟಿ 80 ಇಟ್ಟು ನೋಡಿ.

ತೋಟದ ಪುಡಿ (ಸುಂಟಿಕೊಪ್ಪ)
ಜುಲೈ 9, ರಾತ್ರಿ 9:10

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಕಾಫಿ ಪುಡಿ, ಕರಿಮೆಣಸು, ಜೇನು ಆನ್‌ಲೈನಲ್ಲಿ ಮಾರುತ್ತೇನೆ. ನನ್ನದೂ ಇದೇ ತೊಂದರೆ. ಸ್ನೇಹಿತರೊಬ್ಬರು "ಡಿಪಿಐ 300 ಇದ್ದದ್ದನ್ನು 72 ಮಾಡು, ಸೈಜ್ ಇಳಿಯುತ್ತದೆ" ಅಂದರು. ಮಾಡಿದೆ. ಒಂದು ಕೆಬಿಯೂ ಇಳಿಯಲಿಲ್ಲ. ನಾನು ಏನಾದರೂ ತಪ್ಪು ಮಾಡಿದೆನಾ?

ವಿರಾಜಪೇಟೆ ಕ್ಯಾಮೆರಾ
ಜುಲೈ 9, ರಾತ್ರಿ 9:48

ತಪ್ಪು ನಿಮ್ಮದಲ್ಲ ಅಣ್ಣ. ಡಿಪಿಐ ಅನ್ನುವುದು ಫೈಲಿನೊಳಗೆ ಬರೆದಿಟ್ಟ ಒಂದು ಚೀಟಿ ಅಷ್ಟೇ. "ಪ್ರಿಂಟ್ ಹಾಕುವಾಗ ಒಂದು ಇಂಚಿಗೆ ಇಷ್ಟು ಪಿಕ್ಸೆಲ್ ಹಾಕು" ಅಂತ ಹೇಳುವ ಚೀಟಿ. ಪರದೆ ಅದನ್ನು ಓದುವುದೇ ಇಲ್ಲ. 6000 ಪಿಕ್ಸೆಲ್ ಅಗಲದ ಫೋಟೋ 72 ಡಿಪಿಐ ಆದರೂ 300 ಆದರೂ 6000 ಪಿಕ್ಸೆಲ್ಲೇ. ಕೆಲವು ಸಾಫ್ಟ್‌ವೇರ್‌ಗಳು ಡಿಪಿಐ ಬದಲಿಸುವಾಗ ಜೊತೆಗೆ ಪಿಕ್ಸೆಲ್‌ಗಳನ್ನೂ ಕಮ್ಮಿ ಮಾಡುತ್ತವೆ. ಆಗ ಸೈಜ್ ಇಳಿಯುತ್ತದೆ. ಅದಕ್ಕೇ ಈ ಮಾತು ಊರೆಲ್ಲ ಹಬ್ಬಿದೆ.

ಮಂಜಿನಮನೆ
ಜುಲೈ 10, ಮಧ್ಯಾಹ್ನ 2:20

ಬೆಳಿಗ್ಗೆ ಕರೆಂಟ್ ಇರಲಿಲ್ಲ, ಈಗ ಬಂತು. ಮೂರು ಫೋಟೋ ಮಾಡಿ ನೋಡಿದೆ. ಅಗಲ 1600, ಕ್ವಾಲಿಟಿ 80.

ಊಟದ ಕೋಣೆ: 7.1 ಎಂಬಿ ಇದ್ದದ್ದು 240 ಕೆಬಿ ಆಯಿತು. ಗೆರೆಯನ್ನು ಆ ಕಡೆ ಈ ಕಡೆ ಎಳೆದು ನೋಡಿದೆ. ವ್ಯತ್ಯಾಸ ಗೊತ್ತೇ ಆಗಲಿಲ್ಲ. ನಿಜವಾಗಿ ಕಣ್ಣು ತುಂಬಿ ಬಂತು. ಒಂದು ವರ್ಷದಿಂದ ಎಷ್ಟು ಜನ ಕಾದು ಕಾದು ಪುಟ ಮುಚ್ಚಿದರೋ ಏನೋ.

ಕಾಫಿ ತೋಟದ ಫೋಟೋ, ಮೇಲೆ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಗಿಡ: 610 ಕೆಬಿ. ಚೆನ್ನಾಗಿದೆ, ಆದರೆ ಭಾರ.

ಬೆಳಗಿನ ಮಂಜಿನ ಫೋಟೋ: ಬರೀ 70 ಕೆಬಿ. ಇಷ್ಟು ಕಮ್ಮಿ ಆಯಿತಲ್ಲ ಅಂತ ಖುಷಿಪಟ್ಟೆ. ಆದರೆ ಮೊಬೈಲಲ್ಲಿ ಹಾಕಿ ನೋಡಿದರೆ ಆಕಾಶದಲ್ಲಿ ಮತ್ತೆ ಅದೇ ಪಟ್ಟಿಗಳು. ಮೊದಲಿನಷ್ಟಿಲ್ಲ, ಆದರೂ ಇವೆ. ಒಂದೇ ಕ್ವಾಲಿಟಿ ಕೊಟ್ಟರೂ ಒಂದೊಂದು ಫೋಟೋಗೆ ಯಾಕೆ ಹೀಗೆ?

ವಿರಾಜಪೇಟೆ ಕ್ಯಾಮೆರಾ
ಜುಲೈ 10, ಸಂಜೆ 5:30

ಅಕ್ಕಾ, ನಾನು ಹದಿನೈದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಈ ಪ್ರಶ್ನೆ ನನಗೆ ತುಂಬ ಇಷ್ಟದ್ದು. ಸ್ವಲ್ಪ ಉದ್ದ ಬರೆಯುತ್ತೇನೆ.

ಜೆಪೆಗ್ 1992ರ ಮಾನದಂಡ. ಅದು ಫೋಟೋವನ್ನು 8 x 8 ಪಿಕ್ಸೆಲ್‌ನ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲೂ ಬೆಳಕು ನಿಧಾನವಾಗಿ ಬದಲಾಗುವ ಭಾಗ ಎಷ್ಟು, ಪಟಪಟ ಬದಲಾಗುವ ಸಣ್ಣ ವಿವರ ಎಷ್ಟು ಅಂತ ಬೇರೆ ಮಾಡುತ್ತದೆ. ನಮ್ಮ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸಣ್ಣ ವಿವರವನ್ನು ಒರಟಾಗಿ ಬರೆದುಕೊಳ್ಳುತ್ತದೆ, ಇಲ್ಲವೇ ಬಿಟ್ಟೇ ಬಿಡುತ್ತದೆ. ಕ್ವಾಲಿಟಿ ಸಂಖ್ಯೆ ಅಂದರೆ ಎಷ್ಟು ಒರಟು ಅನ್ನುವ ಲೆಕ್ಕ. ಒಂದು ಮಾತು: ಈ ಸಂಖ್ಯೆ ಎಲ್ಲ ಸಾಫ್ಟ್‌ವೇರಿನಲ್ಲೂ ಒಂದೇ ಅಲ್ಲ. ಒಂದರ 80 ಇನ್ನೊಂದರ 80 ಅಲ್ಲ. ಫೋಟೋಶಾಪ್‌ನಲ್ಲಿ ಸೇವ್ ಮಾಡುವಾಗ 0ರಿಂದ 12ರ ತನಕ ಇರುತ್ತದೆ. ಹಾಗಾಗಿ ಸಂಖ್ಯೆ ನಂಬಬೇಡಿ, ಕಣ್ಣು ನಂಬಿ.

ನಿಮ್ಮ ತೋಟದ ಫೋಟೋದಲ್ಲಿ ಪ್ರತಿ ಚೌಕದಲ್ಲೂ ಎಲೆ, ನೆರಳು, ಬಳ್ಳಿ, ಬಿಸಿಲಿನ ಚುಕ್ಕೆ. ಬಿಡಲು ಏನೂ ಇಲ್ಲ. ಅದಕ್ಕೇ 610 ಕೆಬಿ. ಆದರೆ ಅಲ್ಲೊಂದು ಒಳ್ಳೆಯದೂ ಇದೆ. ಅಷ್ಟು ಗಜಿಬಿಜಿಯ ನಡುವೆ ಸ್ವಲ್ಪ ಹಾಳಾದರೂ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಧೈರ್ಯವಾಗಿ 68-70ಕ್ಕೆ ಇಳಿಸಿ.

ಮಂಜು ಇದಕ್ಕೆ ಪೂರ್ತಿ ಉಲ್ಟಾ. ಚೌಕದಲ್ಲಿ ಏನೂ ಇಲ್ಲ, ಬಿಳಿಯಿಂದ ಬೂದಿಗೆ ಒಂದು ಮೆಲ್ಲನೆಯ ಇಳಿಜಾರು. ಒಂದು ಚೌಕದ ಈ ತುದಿಗೂ ಆ ತುದಿಗೂ ಒಂದೋ ಎರಡೋ ಹಂತದ ವ್ಯತ್ಯಾಸ. ಜೆಪೆಗ್ ಒರಟಾಗಿ ಲೆಕ್ಕ ಹಾಕಿದಾಗ ಆ ವ್ಯತ್ಯಾಸ ಸೊನ್ನೆಯಾಗುತ್ತದೆ. ಇಡೀ ಚೌಕ ಒಂದೇ ಬಣ್ಣ. ಪಕ್ಕದ ಚೌಕ ಇನ್ನೊಂದು ಬಣ್ಣ. ಅದೇ ನಿಮಗೆ ಕಾಣುವ ಮೆಟ್ಟಿಲು.

ಹಾಗಾಗಿ ಮಂಜಿನ ಫೋಟೋಗೆ ಕ್ವಾಲಿಟಿ ಜಾಸ್ತಿ ಕೊಡಿ. 88 ಅಥವಾ 90. ಅದು ಹೇಗೂ ಹಗುರ. 70 ಕೆಬಿ ಇದ್ದದ್ದು 130-140 ಆಗಬಹುದು, ಆಗಲಿ ಬಿಡಿ. ಆದರೂ ಪಟ್ಟಿ ಕಂಡರೆ ಚಿತ್ರಕ್ಕೆ ತೀರಾ ಸಣ್ಣ ಗ್ರೇನ್ ಸೇರಿಸಿ, ಕಣ್ಣಿಗೆ ಗೊತ್ತಾಗದಷ್ಟು. ಗಿಂಪ್ ಅನ್ನುವ ಉಚಿತ ಫೋಟೋ ಸಾಫ್ಟ್‌ವೇರಿನಲ್ಲಿ ನಾಯ್ಸ್ ಫಿಲ್ಟರ್ ಇದೆ. ಪಟ್ಟಿಯ ಅಂಚುಗಳು ಒಡೆದು ಹೋಗುತ್ತವೆ. ಮಾಂದಲಪಟ್ಟಿ, ರಾಜಾಸೀಟ್ ಬೆಳಗಿನ ಫೋಟೋಗಳಿಗೆಲ್ಲ ನಾನು ಹೀಗೇ ಮಾಡುವುದು.

ಇನ್ನೊಂದು ಮುಖ್ಯವಾದದ್ದು, ಕೆಂಪು. ಇದನ್ನು ನಾನು ನೋವಿನಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಆಲ್ಬಮ್ ಅನ್ನು ಆನ್‌ಲೈನಲ್ಲಿ ಹಾಕಿಕೊಟ್ಟೆ. ಹುಡುಗನ ಅಜ್ಜಿ ಫೋಟೋ ನೋಡಿ, "ಚೇಲೆಯ ಜರಿ ಎಲ್ಲಿ ಹೋಯಿತು ಮಗಾ?" ಅಂತ ಕೇಳಿದರು. ದೊಡ್ಡದು ಮಾಡಿ ನೋಡಿದೆ. ಕೊಡವ ಗಂಡಸರ ಕಪ್ಪು ನಿಲುವಂಗಿ ಕುಪ್ಯ, ಅದರ ಮೇಲೆ ಸೊಂಟಕ್ಕೆ ಕಟ್ಟಿದ ಕೆಂಪು ರೇಷ್ಮೆ ಚೇಲೆ. ಅದರ ಅಂಚು ಕಪ್ಪಿನ ಮೇಲೆ ಇಂಕ್ ಹರಡಿದ ಹಾಗೆ ಹರಡಿತ್ತು. ಜರಿಯ ಒಂದೊಂದು ಎಳೆ ಕೆಂಪಿನಲ್ಲಿ ಕರಗಿ ಕಂದು ಬಣ್ಣದ ಪಟ್ಟಿಯಾಗಿತ್ತು. ಪಕ್ಕದಲ್ಲೇ ಸೊಂಟದ ಕಿರುಗತ್ತಿ ಪೀಚೆಕತ್ತಿಯ ಬೆಳ್ಳಿ ಕೆತ್ತನೆ ಮಾತ್ರ ಚೂಪಾಗಿ ಚೆನ್ನಾಗಿತ್ತು.

ಯಾಕೆ ಅಂದರೆ, ಜೆಪೆಗ್ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಇಡುತ್ತದೆ. ನಮ್ಮ ಕಣ್ಣಿಗೆ ಬೆಳಕಿನ ವಿವರ ಚುರುಕು, ಬಣ್ಣದ ವಿವರ ಮಂದ. ಹಾಗಾಗಿ ಬಣ್ಣದ ಪದರವನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧ ಮಾಡುತ್ತದೆ. ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಇದಕ್ಕೆ 4:2:0 ಅನ್ನುತ್ತಾರೆ. ಬೆಳಕಿನ ಲೆಕ್ಕದಲ್ಲಿ ಹಸಿರಿನ ಪಾಲು ನೂರಕ್ಕೆ ಸುಮಾರು 59, ಕೆಂಪಿನದು 30, ನೀಲಿಯದು 11. ಬೆಳ್ಳಿಯ ಕೆತ್ತನೆ ಪೂರ್ತಿ ಬೆಳಕಿನಲ್ಲೇ ಇದೆ, ಅದು ಉಳಿಯಿತು. ಹಸಿರು ಎಲೆಯೂ ಉಳಿಯುತ್ತದೆ. ಕಡು ಕೆಂಪಿನ ವಿವರ ಜಾಸ್ತಿ ಇರುವುದು ಬಣ್ಣದ ಪದರದಲ್ಲಿ. ಅದನ್ನೇ ಅರ್ಧ ಮಾಡಿದರೆ ಹೋಯಿತು.

ಆಮೇಲಿಂದ ಕುಪ್ಯಚೇಲೆ, ಕೆಂಪು ಸೀರೆ ಇರುವ ಫೋಟೋಗಳಿಗೆಲ್ಲ 4:4:4 ಇಡುತ್ತೇನೆ. ಅಂದರೆ ಬಣ್ಣವನ್ನು ಅರ್ಧ ಮಾಡಬೇಡ ಅಂತ. ಗಿಂಪ್‌ನಲ್ಲಿ ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್ಡ್ ಒಳಗೆ ಸಬ್‌ಸ್ಯಾಂಪ್ಲಿಂಗ್ ಅಂತ ಇದೆ. ಸ್ಕ್ವೂಶ್‌ನಲ್ಲೂ ಇದೆ. ಫೈಲ್ ಸ್ವಲ್ಪ ದಪ್ಪ ಆಗುತ್ತದೆ. ಅಜ್ಜಿಗೆ ಹೊಸದಾಗಿ ಮಾಡಿ ತೋರಿಸಿದೆ. ಜರಿ ಬಂತು ಅಂದರು.

ಮಂಜಿನಮನೆ
ಜುಲೈ 10, ಸಂಜೆ 6:02

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಂಜಿಗೆ 90 ಕೊಟ್ಟೆ, 138 ಕೆಬಿ. ಪಟ್ಟಿ ಇಲ್ಲ! ತೋಟಕ್ಕೆ 70 ಕೊಟ್ಟೆ, 430 ಕೆಬಿ. ನನ್ನ ಕಣ್ಣಿಗೆ ಮೊದಲಿನ ಹಾಗೇ ಇದೆ.

ಕಾಲೇಜು ಹುಡುಗ (ಗೋಣಿಕೊಪ್ಪ)
ಜುಲೈ 10, ರಾತ್ರಿ 8:40

ಪಿಎನ್‌ಜಿ ಮಾಡಿದರೆ ಕ್ವಾಲಿಟಿ ಸ್ವಲ್ಪವೂ ಹೋಗಲ್ಲ ಅಲ್ವಾ? ಎಲ್ಲವನ್ನೂ ಪಿಎನ್‌ಜಿಗೆ ಬದಲಿಸಿದರೆ ಆಯಿತಲ್ಲ?

ಕುಶಾಲನಗರ ವೆಬ್
ಜುಲೈ 10, ರಾತ್ರಿ 9:00

ಹೋಗಲ್ಲ, ಅದಕ್ಕೇ ಫೋಟೋಗೆ ಅದು ಬೇಡ. ಪಿಎನ್‌ಜಿ ಏನನ್ನೂ ಬಿಡುವುದಿಲ್ಲ, ಎಲೆಯ ಮೇಲಿನ ಒಂದೊಂದು ಚುಕ್ಕೆಯನ್ನೂ ಹಾಗೇ ಇಡುತ್ತದೆ. ಅಕ್ಕನ 1600 ಅಗಲದ ತೋಟದ ಫೋಟೋ ಪಿಎನ್‌ಜಿ ಮಾಡಿದರೆ 3-4 ಎಂಬಿ ಆಗುತ್ತದೆ. ಒಮ್ಮೆ ಜೆಪೆಗ್ ಆಗಿ ಹೋದ ವಿವರ ಪಿಎನ್‌ಜಿ ಮಾಡಿದರೆ ವಾಪಸ್ ಬರುವುದೂ ಇಲ್ಲ.

ಪಿಎನ್‌ಜಿ ಬೇಕಾಗುವುದು ಲೋಗೋಗೆ, ರೇಟ್ ಪಟ್ಟಿಗೆ, ಸ್ಕ್ರೀನ್‌ಶಾಟಿಗೆ, ದಾರಿಯ ನಕ್ಷೆಗೆ. ಅಂದರೆ ಒಂದೇ ಬಣ್ಣದ ದೊಡ್ಡ ಜಾಗ, ಚೂಪಾದ ಗೆರೆ, ಅಕ್ಷರ ಇರುವಲ್ಲಿ. ಅಲ್ಲಿ ಜೆಪೆಗ್ ಹಾಕಿದರೆ ಅಕ್ಷರದ ಸುತ್ತ ಧೂಳು ಕೂತ ಹಾಗೆ ಕಾಣುತ್ತದೆ, ಸೈಜೂ ಜಾಸ್ತಿ. ಇಂಥ ಪಿಎನ್‌ಜಿಯನ್ನು ಇನ್ನೂ ಇಳಿಸಬೇಕಾದರೆ ಬಣ್ಣಗಳನ್ನು 256ಕ್ಕೆ ತನ್ನಿ. ಪಿಎನ್‌ಜಿಕ್ವಾಂಟ್ ಅನ್ನುವ ಸಾಧನ ಆ ಕೆಲಸ ಚೆನ್ನಾಗಿ ಮಾಡುತ್ತದೆ.

ತೋಟದ ಪುಡಿ
ಜುಲೈ 10, ರಾತ್ರಿ 9:25

ವೆಬ್‌ಪಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದರ ಬಗ್ಗೆ ಯಾರೂ ಮಾತಾಡಲಿಲ್ಲ?

ಕುಶಾಲನಗರ ವೆಬ್
ಜುಲೈ 10, ರಾತ್ರಿ 9:50

ನಾನು ಅದಕ್ಕೇ ಬರುತ್ತಿದ್ದೆ. ವೆಬ್‌ಪಿ ಗೂಗಲ್‌ನವರ ಫೋಟೋ ಫಾರ್ಮ್ಯಾಟ್, 2010ರಲ್ಲಿ ಬಂತು. ಅಷ್ಟೇ ಚಂದದ ಜೆಪೆಗ್‌ಗಿಂತ 25ರಿಂದ 34 ಶೇಕಡಾ ಚಿಕ್ಕದು ಅನ್ನುವುದು ಗೂಗಲ್‌ನ ಸ್ವಂತ ಲೆಕ್ಕ. 2020ರಲ್ಲಿ ಸಫಾರಿಯೂ ಒಪ್ಪಿಕೊಂಡ ಮೇಲೆ ಹೆಚ್ಚುಕಮ್ಮಿ ಎಲ್ಲ ಬ್ರೌಸರಿನಲ್ಲೂ ತೆರೆಯುತ್ತದೆ. ನನ್ನ ಗಿರಾಕಿಗಳ ಪುಟಗಳಿಗೆ ಈಗ ಅದನ್ನೇ ಹಾಕುತ್ತೇನೆ. ಅದಕ್ಕಿಂತ ಹೊಸದು ಎವಿಫ್, 2019ರದು. ಎವಿ1 ಅನ್ನುವ ವಿಡಿಯೋ ವಿಧಾನದಿಂದ ಬಂದದ್ದು. ಕ್ರೋಮ್ 2020ರಲ್ಲಿ, ಫೈರ್‌ಫಾಕ್ಸ್ 2021ರಲ್ಲಿ, ಸಫಾರಿ 2022ರಲ್ಲಿ ಅದನ್ನು ಸೇರಿಸಿಕೊಂಡವು. ಇನ್ನೂ ಚಿಕ್ಕದಾಗುತ್ತದೆ. ಆದರೆ ಮಾಡಲು ಹೊತ್ತು ಹಿಡಿಯುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದು ಫೋಟೋಗೂ ಕಾಯಬೇಕು.

ವಿರಾಜಪೇಟೆ ಕ್ಯಾಮೆರಾ
ಜುಲೈ 10, ರಾತ್ರಿ 10:15

ಇಲ್ಲಿ ನನ್ನದೊಂದು ತಕರಾರು ಇದೆ. ಸಾಮಾನ್ಯ ವೆಬ್‌ಪಿಯಲ್ಲಿ ಬಣ್ಣ ಯಾವಾಗಲೂ ಅರ್ಧವೇ. 4:4:4 ಅನ್ನುವ ಆಯ್ಕೆಯೇ ಇಲ್ಲ. ಕ್ವಾಲಿಟಿ 95 ಕೊಟ್ಟರೂ ಚೇಲೆಯ ಅಂಚು ಮೆತ್ತಗಾಗುತ್ತದೆ. ಶಾರ್ಪ್ ವೈಯುವಿ ಅಂತ ಒಂದು ಆಯ್ಕೆ ಇದೆ, ಅದು ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಅಲ್ಲ. ಹಾಗಾಗಿ ರೂಮು, ತೋಟ, ಊಟಕ್ಕೆ ವೆಬ್‌ಪಿ ಸರಿ. ಮದುವೆಯ ಮುಖ್ಯ ಫೋಟೋಗಳಿಗೆ ನಾನು ಜೆಪೆಗ್ 4:4:4 ಅಥವಾ ಎವಿಫ್. ಎವಿಫ್‌ನಲ್ಲಿ 4:4:4 ಸಿಗುತ್ತದೆ, ಮಂಜಿನಂಥ ಇಳಿಜಾರೂ ಚೆನ್ನಾಗಿ ಉಳಿಯುತ್ತದೆ.

ಕುಶಾಲನಗರ ವೆಬ್
ಜುಲೈ 10, ರಾತ್ರಿ 10:22

ಒಪ್ಪಿದೆ. ಕೆಂಪಿನ ವಿಷಯ ನಾನು ಇಷ್ಟು ಗಮನಿಸಿರಲಿಲ್ಲ. ನಾಳೆ ಒಂದು ಸೀರೆ ಅಂಗಡಿಯ ಪುಟವನ್ನು ಮತ್ತೆ ನೋಡುತ್ತೇನೆ.

ಕಾಲೇಜು ಹುಡುಗ
ಜುಲೈ 11, ಬೆಳಿಗ್ಗೆ 7:30

ನಾನು ಒಂದು ಸುಲಭ ದಾರಿ ಕಂಡುಕೊಂಡಿದ್ದೇನೆ. ಫೋಟೋವನ್ನು ವಾಟ್ಸಾಪಿನಲ್ಲಿ ನನಗೇ ಕಳಿಸಿಕೊಂಡು ಡೌನ್‌ಲೋಡ್ ಮಾಡಿದರೆ ಸೈಜ್ ತಾನಾಗಿ ಇಳಿಯುತ್ತದೆ.

ಸೋಮವಾರಪೇಟೆ ಸೈಬರ್
ಜುಲೈ 11, ಬೆಳಿಗ್ಗೆ 10:10

ತಮ್ಮಾ, ನನ್ನ ಅಂಗಡಿಗೆ ದಿನಾ ಇಂಥ ಫೋಟೋ ಬರುತ್ತವೆ. ಇಳಿಯುವುದು ನಿಜ. ಆದರೆ ಎಷ್ಟು ಹಿಂಡಬೇಕು ಅನ್ನುವುದು ನಿನ್ನ ಕೈಯಲ್ಲಿಲ್ಲ. ಮನೆಯವರಿಂದ ಮಾವನಿಗೆ, ಮಾವನಿಂದ ನಮಗೆ ಅಂತ ಮೂರು ಕೈ ದಾಟಿ ಬಂದ ಫೋಟೋದಲ್ಲಿ ಮುಖವೇ ಮೇಣದ ಹಾಗೆ ಇರುತ್ತದೆ. ಫೋಟೋ ಹಾಗೇ ಬೇಕಾದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಬೇಕು. ಆಗ ಒಂದು ಬೈಟೂ ಬದಲಾಗುವುದಿಲ್ಲ. 2023ರಿಂದ ಎಚ್‌ಡಿ ಬಟನ್ ಇದೆ. ಅದು ಸ್ವಲ್ಪ ವಾಸಿ, ಆದರೂ ಹಿಂಡುತ್ತದೆ.

ನನ್ನ ಕೆಲಸದ್ದೊಂದು ಹೇಳುತ್ತೇನೆ, ಯಾರಿಗಾದರೂ ಬೇಕಾಗುತ್ತದೆ. ಬ್ಯಾಂಕ್ ಪರೀಕ್ಷೆಯ ಅರ್ಜಿಗೆ ಫೋಟೋ 200 x 230 ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ ಕೇಳುತ್ತಾರೆ. ಸಹಿ 140 x 60, 10ರಿಂದ 20 ಕೆಬಿ. ಮಕ್ಕಳು ಮೊಬೈಲಲ್ಲಿ ತೆಗೆದ ಇಡೀ ಫೋಟೋವನ್ನು 50 ಕೆಬಿಗೆ ಹಿಂಡಿ ತರುತ್ತಾರೆ. ಕಣ್ಣು ಮೂಗು ಏನೂ ಕಾಣುವುದಿಲ್ಲ. ಹಾಗೆ ಮಾಡಬೇಡಿ. ಮೊದಲು ಮುಖ ಮತ್ತು ಭುಜ ಮಾತ್ರ ಉಳಿಯುವ ಹಾಗೆ ಕ್ರಾಪ್ ಮಾಡಿ. ಆಮೇಲೆ ಅಳತೆ 200 x 230ಕ್ಕೆ ತನ್ನಿ. ಆಗ ಕ್ವಾಲಿಟಿ 95 ಇಟ್ಟರೂ 50 ಕೆಬಿ ದಾಟುವುದಿಲ್ಲ. ಎಷ್ಟೋ ಸಲ 20ಕ್ಕಿಂತ ಕಮ್ಮಿಯಾಗಿ ನಾನು ಕ್ವಾಲಿಟಿ ಜಾಸ್ತಿ ಮಾಡಬೇಕಾಗುತ್ತದೆ! ಸಹಿಗೆ ಬಿಳಿ ಹಾಳೆ, ಕಪ್ಪು ಪೆನ್ನು, ಕಿಟಕಿಯ ಬೆಳಕು. ಹಾಳೆಯ ಮೇಲೆ ನೆರಳು ಬಿದ್ದರೆ ಇರುವ ಕೆಬಿಯಲ್ಲಿ ಅರ್ಧ ಆ ನೆರಳಿಗೇ ಹೋಗುತ್ತದೆ.

ನಿವೃತ್ತ ಮೇಷ್ಟ್ರು (ಪೊನ್ನಂಪೇಟೆ)
ಜುಲೈ 11, ಸಂಜೆ 4:45

ಮಕ್ಕಳೇ, ನಾನು ಎರಡು ದಿನದಿಂದ ಓದುತ್ತಿದ್ದೇನೆ. ನಮ್ಮ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಒಂದು ಪೆಟ್ಟಿಗೆ ಹಳೆಯ ಫೋಟೋಗಳಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ವರ್ಷ ವರ್ಷ ಕೆಲವು ಹಾಳಾಗುತ್ತಿವೆ. ಸ್ಕ್ಯಾನ್ ಮಾಡಿಸಿ ಮನೆತನದ ಎಲ್ಲರಿಗೂ ಕಳಿಸಬೇಕು ಅಂತ ಆಸೆ. ದುಬೈ, ಬೆಂಗಳೂರು ಅಂತ ಎಲ್ಲ ಕಡೆ ಇದ್ದಾರೆ. ಸ್ಕ್ಯಾನ್ ಮಾಡುವಾಗಲೇ ಚಿಕ್ಕ ಸೈಜ್ ಇಡಿಸಲೇ? ಕಳಿಸಲು ಸುಲಭ ಆಗುತ್ತದಲ್ಲವೇ?

ವಿರಾಜಪೇಟೆ ಕ್ಯಾಮೆರಾ
ಜುಲೈ 11, ಸಂಜೆ 5:20

ಸರ್, ದಯವಿಟ್ಟು ಬೇಡ. ಇದೊಂದು ಕಡೆ ಮಾತ್ರ ಸೈಜ್ ನೋಡಬೇಡಿ. ಆ ಫೋಟೋ ನಾಳೆ ಪೂರ್ತಿ ಹಾಳಾದರೆ ಸ್ಕ್ಯಾನ್ ಮಾಡಿದ್ದೇ ಮೂಲ. 600 ಡಿಪಿಐನಲ್ಲಿ, ಟಿಫ್ (ವಿವರ ಬಿಡದೆ ಹಾಗೇ ಇಡುವ ಫೈಲ್) ಆಗಿ ಮಾಡಿಸಿ. (ಸುಂಟಿಕೊಪ್ಪದ ಅಣ್ಣನಿಗೆ: ಸ್ಕ್ಯಾನರಿನಲ್ಲಿ ಡಿಪಿಐ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಅದೇ ಪಿಕ್ಸೆಲ್ ಎಷ್ಟು ಅಂತ ತೀರ್ಮಾನ ಮಾಡುವುದು.) ಕಪ್ಪು-ಬಿಳುಪು ಫೋಟೋ ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ಬೂಷ್ಟಿನ ಕಲೆಯ ಬಣ್ಣ ಬೇರೆ ಇರುವುದರಿಂದ ಆಮೇಲೆ ತೆಗೆಯಲು ಸುಲಭ.

ಅವನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ. ಒಂದು ಐನ್‌ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇರುವವರ ಬಳಿ. ಕಳಿಸಲು ಅದರಿಂದ ಜೆಪೆಗ್ ಪ್ರತಿ ಮಾಡಿ. ಉದ್ದದ ಬದಿ 2000 ಪಿಕ್ಸೆಲ್, ಕ್ವಾಲಿಟಿ 85.

ಇದು ಎಲ್ಲರಿಗೂ ಹೇಳುವ ಮಾತು. ಮೂಲದ ಮೇಲೆ ಯಾವತ್ತೂ ಸೇವ್ ಮಾಡಬೇಡಿ. ಜೆಪೆಗ್ ತೆರೆದು ಏನಾದರೂ ತಿದ್ದಿ ಮತ್ತೆ ಸೇವ್ ಮಾಡಿದಾಗಲೆಲ್ಲ ಅದು ಇನ್ನೊಮ್ಮೆ ಹಿಂಡುತ್ತದೆ. ಇವತ್ತು ಸ್ವಲ್ಪ ಬೆಳಕು, ನಾಳೆ ಸ್ವಲ್ಪ ಕ್ರಾಪ್ ಅಂತ ಹತ್ತು ಸಲ ಮಾಡಿದರೆ ಗೊತ್ತಾಗುತ್ತದೆ. ಬೇರೆ ಅಳತೆ ಬೇಕಾದಾಗ ಚಿಕ್ಕದರಿಂದ ಮಾಡಬೇಡಿ, ಮೂಲಕ್ಕೇ ಹೋಗಿ ಹೊಸದಾಗಿ ಮಾಡಿ.

ನಿವೃತ್ತ ಮೇಷ್ಟ್ರು
ಜುಲೈ 11, ಸಂಜೆ 5:50

ಒಳ್ಳೆಯದಾಯಿತು ಕೇಳಿದ್ದು. ನಾಡಿದ್ದು ಸ್ಕ್ಯಾನ್‌ಗೆ ಕೊಡುವುದಿತ್ತು. ಟಿಫ್ ಅಂತಲೇ ಬರೆದುಕೊಡುತ್ತೇನೆ.

ಮಂಜಿನಮನೆ
ಜುಲೈ 12, ಬೆಳಿಗ್ಗೆ 11:05

14 ಫೋಟೋ ಮುಗಿಯಿತು. ಎರಡು ತೊಂದರೆ. ಎರಡು ಫೋಟೋ ಪುಟದಲ್ಲಿ ಅಡ್ಡ ಮಲಗಿವೆ, ಅವುಗಳ ಮೂಲ ಕಂಪ್ಯೂಟರಿನಲ್ಲಿ ಸರಿ ಇವೆ. ಅವು ಬೇರೊಂದು ಆ್ಯಪಿನಲ್ಲಿ ಮಾಡಿದ್ದು. ಇನ್ನೊಂದು, ಅಣ್ಣನ ಮಗನ ಐಫೋನಿನಲ್ಲಿ ತೆಗೆದ ಗುಲ್ಮೊಹರ್ ಹೂವಿನ ಬಣ್ಣ ಸಪ್ಪೆಯಾಗಿದೆ.

ಕುಶಾಲನಗರ ವೆಬ್
ಜುಲೈ 12, ಬೆಳಿಗ್ಗೆ 11:40

ಎರಡಕ್ಕೂ ಒಂದೇ ಮೂಲ. ಫೋಟೋ ಜೊತೆ ಕ್ಯಾಮೆರಾ ಕೆಲವು ಮಾಹಿತಿ ಬರೆದಿಡುತ್ತದೆ. ಕ್ಯಾಮೆರಾ ನಿಂತಿತ್ತಾ ಮಲಗಿತ್ತಾ, ಯಾವ ಬಣ್ಣದ ಪ್ರೊಫೈಲ್, ಎಲ್ಲಿ ತೆಗೆದದ್ದು, ಎಲ್ಲ. ಆ ಆ್ಯಪ್ ಸೈಜ್ ಉಳಿಸಲು ಎಲ್ಲವನ್ನೂ ಕಿತ್ತು ಹಾಕಿದೆ. ಹಾಗೆ ಕೀಳುವ ಮೊದಲು ಫೋಟೋವನ್ನು ನಿಜವಾಗಿ ತಿರುಗಿಸಿ ಸೇವ್ ಮಾಡಿದ್ದರೆ ಅಡ್ಡ ಮಲಗುತ್ತಿರಲಿಲ್ಲ. ಬಣ್ಣಕ್ಕೆ, ಐಫೋನ್ ಡಿಸ್‌ಪ್ಲೇ ಪಿ3 ಅನ್ನುವ ಅಗಲವಾದ ಪ್ರೊಫೈಲ್ ಬಳಸುತ್ತದೆ. ಅದರ ಚೀಟಿ ಹೋದರೆ ಬ್ರೌಸರಿಗೆ ಗೊತ್ತಾಗದೆ ಬಣ್ಣ ಸಪ್ಪೆ ತೋರಿಸುತ್ತದೆ. ಗಿಂಪ್‌ನಲ್ಲಿ ಮೂಲ ತೆರೆದು ಎಸ್‌ಆರ್‌ಜಿಬಿ ಅನ್ನುವ ಸಾಮಾನ್ಯ ಪ್ರೊಫೈಲಿಗೆ ಬದಲಿಸಿ, ಆಮೇಲೆ ಚಿಕ್ಕದು ಮಾಡಿ.

ಜಾಗದ ಮಾಹಿತಿ ಮಾತ್ರ ತೆಗೆದೇ ಹಾಕಿ. ಹೋಂಸ್ಟೇ ಎಲ್ಲಿದೆ ಅಂತ ಗೊತ್ತಾದರೆ ನಿಮಗೆ ಒಳ್ಳೆಯದೇ. ಆದರೆ ಮನೆಯವರ, ಮಕ್ಕಳ ಫೋಟೋದಲ್ಲಿ ಅದು ಇರಬಾರದು.

ಇನ್ನು ವೆಬ್‌ಸೈಟ್ ಮಾಡಿದವರಿಗೆ ಮೂರು ಮಾತು ಹೇಳಿ. ಮೊಬೈಲಿಗೆ 800 ಅಗಲದ್ದು, ಲ್ಯಾಪ್‌ಟಾಪಿಗೆ 1600ರದ್ದು ಅಂತ ಎರಡೂ ಇಟ್ಟು ಎಸ್‌ಆರ್‌ಸಿಸೆಟ್ ಹಾಕಲಿ. ಯಾವುದು ಬೇಕೋ ಬ್ರೌಸರ್ ಆರಿಸಿಕೊಳ್ಳುತ್ತದೆ. ಕೆಳಗಿನ ಫೋಟೋಗಳಿಗೆ ಲೇಜಿ ಲೋಡಿಂಗ್ ಹಾಕಲಿ, ಓದುಗರು ಅಲ್ಲಿಗೆ ಬಂದಾಗ ಮಾತ್ರ ಇಳಿಯುತ್ತವೆ. ಎಲ್ಲಕ್ಕಿಂತ ಮೇಲಿನ ಮೊದಲ ಫೋಟೋಗೆ ಮಾತ್ರ ಅದು ಬೇಡ, ಹಾಕಿದರೆ ಅದೇ ತಡವಾಗುತ್ತದೆ. ಮತ್ತೆ ಪ್ರತಿ ಫೋಟೋದ ಅಗಲ, ಎತ್ತರ ಬರೆಯಲಿ. ಇಲ್ಲದಿದ್ದರೆ ಫೋಟೋ ಬಂದ ಹಾಗೆಲ್ಲ ಅಕ್ಷರಗಳು ಕೆಳಗೆ ಜಾರುತ್ತವೆ, ಫೋನ್ ನಂಬರ್ ಒತ್ತಲು ಹೋದವರು ಬೇರೇನೋ ಒತ್ತುತ್ತಾರೆ.

ಜೆಪೆಗ್‌ಗಳನ್ನು ಪ್ರೋಗ್ರೆಸಿವ್ ಆಗಿ ಸೇವ್ ಮಾಡಿ. ಪಟ್ಟಿ ಪಟ್ಟಿಯಾಗಿ ಇಳಿಯುವ ಬದಲು ಇಡೀ ಫೋಟೋ ಮೊದಲು ಮಬ್ಬಾಗಿ ಬಂದು ಆಮೇಲೆ ತಿಳಿಯಾಗುತ್ತದೆ. ಮಂಜು ಸರಿದ ಹಾಗೆ.

ತೋಟದ ಪುಡಿ
ಜುಲೈ 12, ಮಧ್ಯಾಹ್ನ 1:15

ನಾನೂ ಮಾಡಿದೆ. 40 ಫೋಟೋ ಒಟ್ಟಿಗೆ ಮಾಡಲು ಸೀಸಿಯಂ ಅಂತ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಫೋಲ್ಡರ್ ಕೊಟ್ಟರೆ ಎಲ್ಲವನ್ನೂ ಮಾಡಿ ಬೇರೆ ಫೋಲ್ಡರಿಗೆ ಹಾಕುತ್ತದೆ. ಜೇನಿನ ಬಾಟಲಿ, ಪುಡಿಯ ಪ್ಯಾಕೆಟ್ ಎಲ್ಲ 100-150 ಕೆಬಿ. ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಫೋಟೋ ಮಾತ್ರ ಬೇರೆಯಾಗಿ ಮಾಡಿದೆ, 4:4:4 ಇಟ್ಟು. ಕೆಂಪು ಹಣ್ಣು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿವೆ. ಮೊದಲು ಎಲ್ಲ ಸೇರಿ ಒಂದೇ ಕೆಂಪು ಮುದ್ದೆಯಾಗಿತ್ತು. ನಾನು ಕ್ಯಾಮೆರಾದ್ದೇ ತಪ್ಪು ಅಂದುಕೊಂಡಿದ್ದೆ.

ಮಂಜಿನಮನೆ
ಜುಲೈ 14, ರಾತ್ರಿ 8:30

ನಿನ್ನೆ ಇಡೀ ದಿನ ಗಾಳಿ ಮಳೆ, ಲೈನ್ ಮೇಲೆ ಮರ ಬಿದ್ದು ಕರೆಂಟ್ ಇರಲಿಲ್ಲ. ಇವತ್ತು ಸಂಜೆ ಬಂತು. 18 ಫೋಟೋ ಹಾಕಿದ್ದೇನೆ. ಎಲ್ಲ ಸೇರಿ 4 ಎಂಬಿ. ವೆಬ್‌ಸೈಟ್ ಮಾಡಿದವರು ಲೇಜಿ ಲೋಡಿಂಗ್ ಹಾಕಿಕೊಟ್ಟರು.

ಕೊಡೆ ಹಿಡಿದು ಗೇಟಿನ ತನಕ ನಡೆದು ಹೋದೆ. ಅಲ್ಲಿ ಯಾವಾಗಲೂ ಒಂದೇ ಕಡ್ಡಿ. ಪುಟ ತೆರೆದೆ. ಎರಡು ಎಣಿಸುವಷ್ಟರಲ್ಲಿ ಮಂಜಿನ ಫೋಟೋ ಮಬ್ಬಾಗಿ ಬಂತು, ಮತ್ತೆರಡು ಎಣಿಸುವಷ್ಟರಲ್ಲಿ ತಿಳಿಯಾಯಿತು. ಬೆಟ್ಟದ ಅಂಚಿನಲ್ಲಿ ಸಿಲ್ವರ್ ಮರಗಳು ಒಂದೊಂದಾಗಿ ಕಾಣುತ್ತಿದ್ದವು. ಕೆಳಗೆ ಫೋನ್ ನಂಬರ್, ದಾರಿಯ ನಕ್ಷೆ ಎಲ್ಲ ಇತ್ತು.

ಇನ್ನು ನಾಲ್ಕು ಫೋಟೋ ಇದೆ. ಅದರಲ್ಲಿ ಒಂದು ನನ್ನ ಮಾವನವರು ಕುಪ್ಯಚೇಲೆ ಹಾಕಿ ಜಗಲಿಯಲ್ಲಿ ಕೂತದ್ದು. ಅದನ್ನು ಅವಸರದಲ್ಲಿ ಮಾಡುವುದಿಲ್ಲ. ನಾಳೆ ಬೆಳಿಗ್ಗೆ ಕೂತು 4:4:4 ಇಟ್ಟು ಮಾಡಿ, ವಿರಾಜಪೇಟೆ ಅಣ್ಣನಿಗೆ ತೋರಿಸುತ್ತೇನೆ. ಡಾಕ್ಯುಮೆಂಟ್ ಅಂತಲೇ ಕಳಿಸುತ್ತೇನೆ.